ನರಸಮ್ಮನ ಮಗಳಿಗೆ ಕ್ಯಾಮೆರಾ ಒಪ್ಪಿಸುವಾಗ

ತಗೋ. ಕತ್ತಿಗೆ ಹಾಕ್ಕೊ. ಭಾರವೇನಿಲ್ಲ,
ನಿಮ್ಮವ್ವ ಸುಲ್ತಾನ್‌ಪೇಟೆಯಿಂದ ಮೆಟ್ಟಿಲು ಹತ್ತಿ ಹೊರೋ
ಸೀಬೆಕಾಯಿ ಮಂಕರಿ ಮುಂದೆ ಇದು ಯಾವ ಲೆಕ್ಕ.
ಪಟ್ಟಿಗೆ ಎಡಗಡೆ ಒಂದು ಗಂಟೈತೆ.
ಬಿಚ್ಚಬೇಡ, ನಾನೇ ಹಾಕಿದ್ದು.

ಹೊಸ ಡಬ್ಬಿ ತುಂಬಿದ ಕೂಡಲೆ
ಮೊದಲು ಆಚೆ ಬರೋದು ಕರೀ ರಟ್ಟು.
ಅದು ಫೋಟೋ ಅಲ್ಲ.
ನನಗೆ ಯಾರೂ ಹೇಳಿರಲಿಲ್ಲ. ಆ ರಟ್ಟನ್ನ ಬಿಸಿಲಿಗೆ ಹಿಡಿದು
ಅರ್ಧ ಗಂಟೆ ಕಾದಿದ್ದೆ, ಮದುಮಕ್ಕಳು ಮೂಡ್ತಾರೆ ಅಂತ.
ಮದುಮಕ್ಕಳು ಬೈಕೊಂಡು ಬಸ್ಸು ಹತ್ತಿದರು.

ಮಾರ್ಗಶಿರದಲ್ಲಿ, ನಂದಿಬೆಟ್ಟದ ನೆತ್ತಿ ಮೇಲೆ,
ಚಿತ್ರ ನೀಲಿಗಟ್ಟಿ ಬರ್ತೈತೆ,
ಬೆಳಗಿಂದ ಬಟ್ಟೆ ಒಗೆದ ಬೆರಳಿನಂಗೆ.
ಕ್ಯಾಮೆರಾ ಕೆಟ್ಟಿಲ್ಲ. ಅದಕ್ಕೆ ಚಳಿ.
ಹಾಳೆ ಹೊರಗೆ ಬಂದಿದ್ದೇ ತಡ, ಸ್ವೆಟರ್ ಒಳಗೆ,
ಕಂಕುಳಲ್ಲಿ ಇಟ್ಕೊ.
ಕಾವಿಗೆ ಕೂತ ಕೋಳಿಯಂಗೆ ಅಲ್ಲಾಡದೆ ನಿಲ್ಲು.
ನಗ್ತೀಯ?
ಇಪ್ಪತ್ತೆರಡು ಚಳಿಗಾಲ ಕಣಮ್ಮ,
ಯಾವ್ಯಾವ ಊರಿನವರ ಮುಖ
ಈ ಕಂಕುಳಲ್ಲಿ ಬೆಚ್ಚಗಾಗಿಲ್ಲ ಹೇಳು.

ಒದರಬೇಡ. ಎಲ್ಲರೂ ಒದರು ಒದರು ಅಂತಾರೆ,
ಕಿತ್ಕೊಂಡು ಬೀಸಣಿಗೆಯಂಗೆ ಬೀಸ್ತಾರೆ.
ರಾತ್ರಿ ಹಾಲಿಗೆ ಹೆಪ್ಪು ಹಾಕಿ
ನಿಮ್ಮವ್ವ ಪಾತ್ರೆ ಅಲ್ಲಾಡಿಸ್ತಾಳಾ?
ಒಳಗೊಂದು ತೆಳ್ಳನೆ ಗಂಜಿ ಹರಡ್ತಿರ್ತೈತೆ.
ಹರಡಲಿ ಬಿಡು.
ಮೂಲೇಲಿ ಮೂರು ಮೂಲೆ ಬಿಳಿ ಉಳಿದರೆ
ಗಂಜಿ ಅಲ್ಲಿಗೆ ಮುಟ್ಟಿಲ್ಲ. ಡಬ್ಬಿ ಹಳೇದು.
ಚಿಕ್ಕಬಳ್ಳಾಪುರದ ಅಂಗಡಿಯವನಿಗೆ
ತಾರೀಖು ತೋರಿಸಿ ಜಗಳ ಆಡು.
ಆಡಿದರೆ ಒಂದು ಡಬ್ಬಿ ಬಿಡ್ತಾನೆ, ಆಡದಿದ್ದರೆ ಎರಡು ಕಟ್ತಾನೆ.

ಒಳಗೆ ಕಬ್ಬಿನ ಗಾಣದಂಗೆ ಎರಡು ಉರುಳೆ.
ಅದಕ್ಕೆ ಗಂಜಿ ಒಣಗಿ ಅಂಟಿದರೆ
ಹಾಳೆ ಹಾಳೆಗೂ ಅದೇ ಜಾಗದಲ್ಲಿ ಚುಕ್ಕೆ.
ಒಂದು ಶಿವರಾತ್ರಿ ನನಗೆ ಗೊತ್ತೇ ಆಗಲಿಲ್ಲ.
ಎಲ್ಲರನ್ನೂ ಒಂದೇ ಬಂಡೆ ಮುಂದೆ ನಿಲ್ಲಿಸಿದ್ದೆ,
ಮೂವತ್ತೊಂದು ಜನಕ್ಕೆ ಎಡಗೆನ್ನೆ ಮೇಲೆ ಚುಕ್ಕೆ.
ಬಾಗೇಪಲ್ಲಿ ಕಡೆ ಅಜ್ಜಿಯೊಬ್ಬಳು ಏನಪ್ಪಾ ಇದು ಅಂದಳು.
ದೃಷ್ಟಿಬೊಟ್ಟು ತಾಯಿ, ಮಿಷನ್ನೇ ಇಡ್ತೈತೆ ಅಂದೆ.
ಐದು ರೂಪಾಯಿ ಜಾಸ್ತಿ ಕೊಟ್ಟಳು.
ನೀನು ಹಂಗೆ ಹೇಳಬೇಡ. ಒದ್ದೆ ಬಟ್ಟೇಲಿ ಒರೆಸು,
ಡಬ್ಬಿ ಖಾಲಿಯಾದಾಗ ಮಾತ್ರ.
ನಡುವೆ ಬಾಗಿಲು ತೆಗೆದರೆ
ಬೆಳಕು ಮಂಗನಂಗೆ ಒಳಗೆ ನುಗ್ತೈತೆ.

ತೀರಾ ಹತ್ತಿರ ಹೋದರೆ ತಲೆ ಕತ್ತರಿಸ್ತೈತೆ.
ನೀನು ನೋಡೋ ಕಿಂಡಿ ಒಂದು ಕಡೆ,
ಅದು ನೋಡೋ ಕಣ್ಣು ಇನ್ನೊಂದು ಕಡೆ.
ಮೂರು ಹೆಜ್ಜೆ ಹಿಂದೆ ಸರಿ.
ಸರಿಯೋ ಮುಂಚೆ ತಿರುಗಿ ನೋಡು.
ಪಡುವಣ ಬದೀಲಿ ಕಂಬಿ ಇಲ್ಲ.

ಮಂಜಲ್ಲಿ ಫ್ಲಾಷ್ ಬೇಡ.
ಬೆಳಕು ಮಂಜಿಗೇ ಬಡಿದು ವಾಪಸ್ ಬರ್ತೈತೆ,
ಹಾಳೆ ತುಂಬ ಸುಣ್ಣ.
ಗೌರಿಬಿದನೂರಿನ ಗಂಡಹೆಂಡಿರಿಗೆ ಹಂಗೇ ಆಗಿತ್ತು.
ಅವನು ದುಡ್ಡು ವಾಪಸ್ ಕೊಡು ಅಂದ.
ಆಯಮ್ಮ ಮಾತ್ರ ಹಾಳೆಯನ್ನ ವಾರೆಗೆ ಹಿಡಿದು,
ಕಣ್ಣು ಕಿರಿದು ಮಾಡಿ, ಬೆರಳಿಟ್ಟು
ಇಲ್ಲಿ ನೋಡಿ, ನಿಮ್ಮ ಮೊಣಕೈ ಅಂದಳು.
ಹೌದು, ಇತ್ತು. ಒಂದು ಮೊಣಕೈ.
ಅದನ್ನ ಬ್ಯಾಗಿಗೆ ಹಾಕ್ಕೊಂಡೇ ಹೋದಳು.
ಯಾಕೆ ಅಂತ ನನಗೆ ಇವತ್ತಿಗೂ ತಿಳೀದು.
ಇದಕ್ಕೆ ರಿಪೇರಿ ಇಲ್ಲ. ಸುಮ್ನೆ ಹೇಳಿದೆ.

ಡಬ್ಬೀಲಿ ಒಂದು ಹಾಳೆ ಉಳಿದೈತೆ.
ಏ, ನನ್ನ ಕಡೆ ತಿರುಗಿಸಬೇಡ, ಇಳಿಸು, ದಂಡ.
ಅಗೋ ಮೊದಲನೇ ಬಸ್ಸು ತಿರುವಲ್ಲಿ ಏದುಸಿರು ಬಿಡ್ತೈತೆ.
ಕಿಟಕಿ ಪಕ್ಕ ಕೂತವರು ಮೊದಲು ಇಳಿಯಲ್ಲ,
ಬಾಗಿಲ ಹತ್ತಿರದವರನ್ನ ಹಿಡಿ.
ಉಳಿದ ಆರುನೂರು ಸಂಕ್ರಾಂತಿಗೆ ಕೊಟ್ಟರೂ ನಡೀತೈತೆ.